ಹಳೇಬೀಡಿನ ಗೋಡೆಗೆ ಬುದ್ಧಿಯಿಲ್ಲವೇ?

ಕಲ್ಲು ಹೂವಾಗಿ ಅರಳಿದೆ. ಶಿಲ್ಪಿ ಬೆಣ್ಣೆಯಲ್ಲಿ ಕೆತ್ತಿದಂತೆ ಕೆತ್ತಿದ್ದಾನೆ. ಅಕ್ಕಸಾಲಿಗನ ಕುಸುರಿ ಕೆಲಸವನ್ನೂ ಮೀರಿಸಿದೆ. ಹೊಯ್ಸಳ ದೇವಾಲಯಗಳ ಮಾತು ಬಂದಾಗಲೆಲ್ಲ ನಮ್ಮ ರಾಜ್ಯೋತ್ಸವದ ವೇದಿಕೆಗಳ ಮೇಲೆ, ಸ್ಮರಣ ಸಂಚಿಕೆಗಳಲ್ಲಿ, ಕ್ಯಾಲೆಂಡರಿನ ಚಿತ್ರಗಳ ಕೆಳಗೆ ಈ ಮಾತುಗಳು ತಪ್ಪದೆ ಬರುತ್ತವೆ. ಕೇಳಲು ಹಿತವಾಗಿಯೇ ಇವೆ. ಆದರೆ ಒಂದು ಗಳಿಗೆ ನಿಂತು ಯೋಚಿಸಿದರೆ, ಈ ಹೊಗಳಿಕೆಗಳೆಲ್ಲ ಶಿಲ್ಪಿಯ ಕೈಯನ್ನು ಮೆಚ್ಚುತ್ತವೆ, ಅವನ ತಾಳ್ಮೆಯನ್ನು ಮೆಚ್ಚುತ್ತವೆ, ಭಕ್ತಿಯನ್ನು ಮೆಚ್ಚುತ್ತವೆ. ಅವನ ತಲೆಯನ್ನು ಮಾತ್ರ ಮೆಚ್ಚುವುದಿಲ್ಲ. ಅವನು ಏನನ್ನು ಯೋಚಿಸಿ ಹೀಗೆ ಕೆತ್ತಿದ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ತೀರ್ಪಿಗೆ ಒಂದು ಹಳೆಯ ಮೂಲವಿದೆ. ಸ್ಕಾಟ್ಲೆಂಡಿನ ಜೇಮ್ಸ್ ಫರ್ಗುಸನ್ ಎಂಬಾತ ಬಂಗಾಳದಲ್ಲಿ ನೀಲಿ ವ್ಯಾಪಾರ ಮಾಡಿ ಹಣ ಗಳಿಸಿ, ಆ ಮೇಲೆ ಬಾಳನ್ನೆಲ್ಲ ಕಟ್ಟಡಗಳ ಅಧ್ಯಯನಕ್ಕೆ ಕೊಟ್ಟವನು. 1876ರಲ್ಲಿ ಪ್ರಕಟವಾದ ಅವನ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನೂ ಅಥೆನ್ಸಿನ ಪಾರ್ಥೆನಾನ್ ದೇವಾಲಯವನ್ನೂ ಎದುರುಬದುರು ನಿಲ್ಲಿಸಿ ತೂಗಿದ್ದಾನೆ. ಎರಡೂ ತಮ್ಮ ತಮ್ಮ ದಾರಿಯಲ್ಲಿ ತುದಿ ಮುಟ್ಟಿದ ಕಟ್ಟಡಗಳು, ವಾಸ್ತುಕಲೆಯ ಎರಡು ಧ್ರುವಗಳು ಎಂಬುದು ಅವನ ಮಾತಿನ ಸಾರ. ಪಾರ್ಥೆನಾನ್ ಶುದ್ಧ ಬುದ್ಧಿಯ ಫಲ, ಅದರಲ್ಲಿ ಎಲ್ಲವೂ ಲೆಕ್ಕ. ಹಳೇಬೀಡು ಶ್ರದ್ಧೆ ಮತ್ತು ಭಾವನೆಯ ಉಕ್ಕು, ಅದರಲ್ಲಿ ಎಲ್ಲವೂ ವೈವಿಧ್ಯ. ಹಳೇಬೀಡಿನಲ್ಲಿ ಶುದ್ಧ ಬುದ್ಧಿಯ ಅಂಶ ತೀರ ಕಡಮೆ ಎಂದೇ ಅವನು ಬರೆದ.

ಫರ್ಗುಸನ್ ಹಳೇಬೀಡನ್ನು ಹೀಗಳೆಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಭಾರತದ ಶಿಲ್ಪವನ್ನು ವಿಕಾರವೆಂದು ತಳ್ಳಿಹಾಕುತ್ತಿದ್ದ ಯೂರೋಪಿಯನ್ನರೇ ಹೆಚ್ಚಾಗಿದ್ದ ಕಾಲದಲ್ಲಿ ನಮ್ಮ ಊರಿನ ಒಂದು ಗುಡಿಯನ್ನು ಪಾರ್ಥೆನಾನಿನ ಪಕ್ಕದಲ್ಲಿ ನಿಲ್ಲಿಸಲು ಎದೆಗಾರಿಕೆ ಬೇಕಿತ್ತು. ಆದರೂ ಆ ಹೋಲಿಕೆಯೊಳಗೆ ಒಂದು ಮುಳ್ಳಿದೆ. ನೂರೈವತ್ತು ವರ್ಷಗಳ ಕೆಳಗೆ ಇಂಗ್ಲಿಷಿನಲ್ಲಿ ಬರೆದ ಆ ತೀರ್ಪನ್ನೇ ಕಲ್ಲು, ಹೂವು, ಬೆಣ್ಣೆ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಇಂದಿಗೂ ಹೇಳಲಾಗುತ್ತಿದೆ. ಅಥೆನ್ಸಿನವರು ಯೋಚಿಸಿದರು, ನಮ್ಮವರು ಭಾವಪರವಶರಾದರು. ಇಷ್ಟೇ ಅದರ ತಿರುಳು.

ನೈರೋಬಿಯಲ್ಲಿ ಕುಳಿತ ನಮಗೆ ಇದು ದೂರದ ಪಂಡಿತರ ಜಗಳವಲ್ಲ. ಇಲ್ಲಿಯ ಇಂಗ್ಲಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಗ್ರೀಸಿನ ಹೆಸರನ್ನು ಕೇಳದೆ ಬೆಳೆಯುವುದಿಲ್ಲ. ಹಳೇಬೀಡನ್ನು ಅವರು ನೋಡುವುದು ರಜೆಯಲ್ಲಿ ಊರಿಗೆ ಹೋದಾಗ, ಅಜ್ಜಿ ಮನೆಯಿಂದ ಹೊರಟ ಬಾಡಿಗೆ ವ್ಯಾನಿನಲ್ಲಿ, ಬೇಲೂರಿಗೂ ಚಿಕ್ಕಮಗಳೂರಿಗೂ ನಡುವೆ ಸಿಕ್ಕ ಮುಕ್ಕಾಲು ಗಂಟೆಯಲ್ಲಿ. ಎರಡರಲ್ಲಿ ಯಾವುದು ಯೋಚಿಸಿ ಮಾಡಿದ್ದು ಎಂದು ಕೇಳಿದರೆ ಆ ಮಕ್ಕಳು ಏನು ಹೇಳಿಯಾರು? ಆದುದರಿಂದ ಗೋಡೆಯನ್ನೇ ಸಾಕ್ಷಿಗೆ ಕರೆಯುವುದು ಒಳ್ಳೆಯದು.

ಮೊದಲು ಅಥೆನ್ಸ್. ಪಾರ್ಥೆನಾನಿನ ನಿರ್ಮಾಣ ಕ್ರಿ.ಪೂ. 447ರಿಂದ 432ರವರೆಗೆ ನಡೆಯಿತು. ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ, ಫಿಡಿಯಾಸನ ಮೇಲ್ವಿಚಾರಣೆ. ಒಳಗೋಡೆಯ ನೆತ್ತಿಯ ಸುತ್ತ ಸುಮಾರು 160 ಮೀಟರ್ ಉದ್ದ, 1 ಮೀಟರ್ ಎತ್ತರದ ಉಬ್ಬುಶಿಲ್ಪದ ಪಟ್ಟಿಕೆ. ಕುದುರೆ ಸವಾರರು, ರಥಗಳು, ನೀರು ಹೊತ್ತವರು, ಬಲಿಯ ಹಸುಗಳು, ಕೊನೆಯಲ್ಲಿ ಕುಳಿತ ದೇವತೆಗಳು. ಅಥೀನಾ ದೇವಿಯ ಉತ್ಸವದ ಮೆರವಣಿಗೆ ಇದು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಬೇರೆ ಪುರಾಣ ಕಥೆಯೆಂದು ವಾದಿಸುವವರೂ ಇದ್ದಾರೆ. ಮೆರವಣಿಗೆ ನೈರುತ್ಯ ಮೂಲೆಯಲ್ಲಿ ಎರಡಾಗಿ ಒಡೆದು, ಎರಡು ದಿಕ್ಕಿನಿಂದ ಸಾಗಿ, ಪೂರ್ವದ ಬಾಗಿಲ ಮೇಲೆ ಕೂಡುತ್ತದೆ.

ಇದರ ಕೆತ್ತನೆಯ ಆಳ ಹೆಚ್ಚೆಂದರೆ 5-6 ಸೆಂಟಿಮೀಟರು. ಅಷ್ಟರಲ್ಲೇ ಒಂದರ ಹಿಂದೆ ಒಂದರಂತೆ ಹಲವು ಕುದುರೆಗಳನ್ನು ಜೋಡಿಸಿದ್ದಾರೆ. ಪಟ್ಟಿಕೆ ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿರುವುದರಿಂದ ಕೆಳಭಾಗಕ್ಕಿಂತ ಮೇಲ್ಭಾಗವನ್ನು ತುಸು ಹೆಚ್ಚು ಉಬ್ಬಿಸಿದ್ದಾರೆ, ಕೆಳಗೆ ನಿಂತವನ ಕಣ್ಣಿಗೆ ಸರಿಯಾಗಿ ಕಾಣಲಿ ಎಂದು. ಇದು ನಿಜಕ್ಕೂ ಲೆಕ್ಕದ ಕೆಲಸ. ಫರ್ಗುಸನ್ನನ ಮಾತಿನ ಈ ಅರ್ಧಕ್ಕೆ ನಮ್ಮ ತಕರಾರಿಲ್ಲ.

ಈಗ ಹಳೇಬೀಡು. ಆಗಿನ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1121ರ ಸುಮಾರಿಗೆ, ಅವನ ಅಧಿಕಾರಿ ಕೇತಮಲ್ಲನ ಹೊಣೆಯಲ್ಲಿ ಕೆಲಸ ಆರಂಭವಾಯಿತು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಶಿವಾಲಯಗಳು ಒಂದೇ ಜಗತಿಯ ಮೇಲೆ ಜೋಡಿಯಾಗಿ ನಿಂತಿವೆ. ಗೋಡೆಯ ಬುಡದಲ್ಲಿ ಒಂದರ ಮೇಲೊಂದರಂತೆ ಎಂಟು ಪಟ್ಟಿಕೆಗಳು. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿ, ಅದರ ಮೇಲೆ ಕುದುರೆ ಸವಾರರು, ಮತ್ತೆ ಬಳ್ಳಿ, ಆರನೆಯದು ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಏಳನೆಯದು ಮಕರ, ಎಂಟನೆಯದು ಹಂಸ. ಇವುಗಳ ಮೇಲೆ ದೊಡ್ಡ ದೇವತಾ ವಿಗ್ರಹಗಳ ಸಾಲು. ಆನೆಯ ಸಾಲೊಂದೇ 700 ಅಡಿಗೂ ಉದ್ದವಿದೆಯೆಂದೂ ಆನೆಗಳು 2000ಕ್ಕೆ ಕಡಮೆಯಿಲ್ಲವೆಂದೂ ಫರ್ಗುಸನ್ನನೇ ಅಂದಾಜು ಮಾಡಿದ್ದಾನೆ. ಮೀಟರಿನ ಲೆಕ್ಕದಲ್ಲಿ 200ಕ್ಕೂ ಹೆಚ್ಚು. ಪಾರ್ಥೆನಾನಿನ ಇಡೀ ಪಟ್ಟಿಕೆಗಿಂತ ಉದ್ದ.

ಆನೆ ಎಂದರೆ ಬಲ, ಸಿಂಹ ಎಂದರೆ ಶೌರ್ಯ, ಕುದುರೆ ಎಂದರೆ ವೇಗ ಎಂದು ಗೈಡುಗಳು ಒಪ್ಪಿಸುತ್ತಾರೆ. ಅದು ಇರಲಿ. ಅದಕ್ಕಿಂತ ಮುಖ್ಯವಾದದ್ದು ಈ ಸಾಲುಗಳು ಕಣ್ಣಿಗೆ ಮಾಡುವ ಕೆಲಸ. ಕೆಳಗಿನ ಆನೆ ಸಾಲು ಒಂದೇ ಆಕಾರ ಮತ್ತೆ ಮತ್ತೆ ಬರುವ ಸಾಲು. ದೂರದಿಂದ ನೋಡಿದರೆ ಭಾರವನ್ನು ಹೊತ್ತ ಅಡಿಪಾಯವೆಂದೇ ಕಾಣುತ್ತದೆ. ಬಳ್ಳಿಯ ಎರಡು ಸಾಲುಗಳು ಪ್ರಾಣಿಗಳ ನಡುವೆ ಕಣ್ಣಿಗೆ ವಿರಾಮ ಕೊಡುತ್ತವೆ. ಕಥೆಯ ಸಾಲನ್ನು ಬುಡದಲ್ಲಿ ಇಟ್ಟಿಲ್ಲ, ನೆತ್ತಿಯಲ್ಲೂ ಇಟ್ಟಿಲ್ಲ. ಐದು ಸಾಲುಗಳ ಮೇಲೆ, ಜಗತಿಯ ಮೇಲೆ ನಡೆಯುವವನ ಕಣ್ಣಿಗೆ ಹತ್ತಿರವಾಗುವಂತೆ ಇಟ್ಟಿದ್ದಾರೆ. ಓದಬೇಕಾದ ಸಾಲು ಓದುವ ಎತ್ತರದಲ್ಲಿದೆ. ಮಕರ ಮತ್ತು ಹಂಸದ ಸಾಲುಗಳು ಮತ್ತೆ ಲಯಕ್ಕೆ ಮರಳಿ, ಮೇಲಿನ ದೊಡ್ಡ ವಿಗ್ರಹಗಳಿಗೆ ಅಂಚು ಕಟ್ಟುತ್ತವೆ. ಪಾರ್ಥೆನಾನಿನ ಶಿಲ್ಪಿ 12 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದ್ದು ಬುದ್ಧಿಯಾದರೆ, ಮನುಷ್ಯನ ಎತ್ತರಕ್ಕೆ ಲೆಕ್ಕ ಹಾಕಿದ್ದು ಏನು?

ಫರ್ಗುಸನ್ನನ ವಾದದ ಒಂದು ಮುಖ್ಯ ಆಧಾರವೆಂದರೆ ಪಾರ್ಥೆನಾನಿನ ಕಂಬಗಳೆಲ್ಲ ಒಂದೇ, ಹಳೇಬೀಡಿನಲ್ಲಿ ಒಂದರಂತೆ ಒಂದಿಲ್ಲ ಎಂಬುದು. ಇದನ್ನು ತುಸು ಬಿಚ್ಚಿ ನೋಡೋಣ. ಪಾರ್ಥೆನಾನಿನ ಮೂಲೆಯ ಕಂಬಗಳು ಉಳಿದವುಗಳಿಗಿಂತ ಸ್ವಲ್ಪ ದಪ್ಪ. ಕಂಬಗಳು ಸ್ವಲ್ಪ ಒಳಕ್ಕೆ ವಾಲಿವೆ. ನೆಲಗಟ್ಟು ನಡುವೆ ಸ್ವಲ್ಪ ಉಬ್ಬಿದೆ. ಹೊರಗಿನ 92 ಚೌಕ ಫಲಕಗಳ ಯುದ್ಧದ ಚಿತ್ರಗಳಲ್ಲೂ ಒಂದರಂತೆ ಇನ್ನೊಂದಿಲ್ಲ. ಅಂದರೆ ಅಲ್ಲಿಯೂ ವ್ಯತ್ಯಾಸವಿದೆ. ಅಥೆನ್ಸಿನಲ್ಲಿ ಕಂಡ ವ್ಯತ್ಯಾಸ ಗಣಿತದ ಖಾತೆಗೆ ಜಮೆಯಾಯಿತು, ಹಳೇಬೀಡಿನಲ್ಲಿ ಕಂಡ ವ್ಯತ್ಯಾಸ ಭಾವನೆಯ ಖಾತೆಗೆ ಜಮೆಯಾಯಿತು. ತಕ್ಕಡಿ ಒಂದೇ, ತೂಕದ ಕಲ್ಲು ಮಾತ್ರ ಬೇರೆ.

ಇನ್ನು ಹೊಯ್ಸಳರ ಗಣಿತ ನೋಡಬೇಕಾದವರು ಗೋಡೆಯ ಮೇಲಲ್ಲ, ಗೋಡೆಯ ಪಾದದಲ್ಲಿ ನೋಡಬೇಕು. ಈ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸ ಮನಸ್ಸಿಗೆ ಬಂದಂತೆ ಗೀಚಿದ್ದಲ್ಲ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಇಪ್ಪತ್ತೆರಡೂವರೆ ಡಿಗ್ರಿಯಷ್ಟು ತಿರುಗಿಸುತ್ತ ಹೋದರೆ ನಾಲ್ಕು ಚೌಕಗಳಿಂದ 16 ಮೂಲೆಯ ನಕ್ಷತ್ರ ಬರುತ್ತದೆ; ಸೋಮನಾಥಪುರದ ಗರ್ಭಗುಡಿಗಳು ಅಂಥವು. 15 ಡಿಗ್ರಿಯಂತೆ ತಿರುಗಿಸಿದರೆ ಆರು ಚೌಕಗಳಿಂದ 24 ಮೂಲೆ. ಹೊಯ್ಸಳರಿಗಿಂತ ಹಿಂದಿನ ಚಾಲುಕ್ಯರ ಪರಂಪರೆಯ, ಡಂಬಳದ ದೊಡ್ಡಬಸಪ್ಪ ಗುಡಿ ಅಂಥದು. ರಟ್ಟಿನ ಚೌಕ, ಗುಂಡುಸೂಜಿ, ಪೆನ್ಸಿಲ್ ಇದ್ದರೆ ಇದನ್ನು ಪಾರ್ಕ್‌ಲ್ಯಾಂಡ್ಸಿನ ಊಟದ ಮೇಜಿನ ಮೇಲೂ ಮಾಡಿ ನೋಡಬಹುದು. ಹಳೇಬೀಡಿನ ಗೋಡೆಯೂ ಹೀಗೆ ಮಡಿಕೆ ಮಡಿಕೆಯಾಗಿ ಒಳಹೋಗಿ ಹೊರಬರುತ್ತದೆ. ಅದರ ಫಲವಾಗಿ ಗೋಡೆಯ ಉದ್ದ ಹೆಚ್ಚುತ್ತದೆ, ಶಿಲ್ಪಕ್ಕೆ ಜಾಗ ಹೆಚ್ಚುತ್ತದೆ, ಬಿಸಿಲು ಯಾವ ಹೊತ್ತಿನಲ್ಲೂ ಕೆಲವು ಮುಖಗಳನ್ನು ಬೆಳಗಿ ಕೆಲವನ್ನು ನೆರಳಿನಲ್ಲಿ ಬಿಡುತ್ತದೆ. ಹಾಗೆಯೇ ಒಂದು ತೊಡಕೂ ಹುಟ್ಟುತ್ತದೆ: ಕಥೆ ಹೇಳುವವನಿಗೆ ನೇರವಾದ ಹಾಳೆಯೇ ಇಲ್ಲ. ಒಂದು ಮುಖ ಅಗಲ, ಮುಂದಿನದು ಕಿರಿದು, ಆಮೇಲೆ ಮೂಲೆ. ಯುದ್ಧ ಎಲ್ಲಿ, ಸಂವಾದ ಎಲ್ಲಿ, ಒಂಟಿ ಬಿಲ್ಲಾಳು ಎಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಇಂಥ ಗೋಡೆಯ ಮೇಲೆ ಮಹಾಭಾರತವನ್ನು ಸಾಗಿಸುವುದು ಆಗದ ಮಾತು.

ಈ ಕಥಾ ಪಟ್ಟಿಕೆಗಳು ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಭಕ್ತ ನಡೆದಂತೆ ಕಥೆ ನಡೆಯುತ್ತದೆ. ಅಥೆನ್ಸಿನ ಮೆರವಣಿಗೆಯನ್ನು ನೆಲದ ಮೇಲೆ ನಿಂತು, ಕತ್ತೆತ್ತಿ, ಕಂಬಗಳ ಸಂದಿಯಲ್ಲಿ ತುಣುಕು ತುಣುಕಾಗಿ ನೋಡಬೇಕು. ಹಳೇಬೀಡಿನ ಕಥೆಯನ್ನು ಕೈಯಳತೆಯ ದೂರದಲ್ಲಿ ನಡೆಯುತ್ತ ಓದಬೇಕು. ಸೋಮನಾಥಪುರದಲ್ಲಿ ಪ್ರದಕ್ಷಿಣೆ ಹೊರಟವನಿಗೆ ಮೊದಲು ರಾಮಾಯಣ, ಹಿಂಭಾಗದಲ್ಲಿ ಭಾಗವತ, ಬಳಸಿ ಬರುವಾಗ ಮಹಾಭಾರತ ಸಿಗುತ್ತವೆ. ಇಮ್ಮಡಿ ಬಲ್ಲಾಳನ ಕಾಲದ, 1196ರ ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಇದೆ. ಅಲ್ಲಿ 140 ಫಲಕಗಳು. ಉತ್ತರದ ಗೋಡೆಯ ಕೃಷ್ಣಚರಿತೆಯ 25, ಮಹಾಭಾರತದ 45 ಫಲಕಗಳು ರೂಢಿಯಂತೆ ಪ್ರದಕ್ಷಿಣೆಯಾಗಿ ಸಾಗುತ್ತವೆ; ದಕ್ಷಿಣದ ಗೋಡೆಯ ರಾಮಾಯಣದ 70 ಫಲಕಗಳು ಮಾತ್ರ ಅಪ್ರದಕ್ಷಿಣೆಯಾಗಿ! ಒಂದೆರಡು ಫಲಕ ಹಿಂದುಮುಂದಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. 70 ಫಲಕಗಳು ಒಂದೇ ಸಮನೆ ಎದುರು ದಿಕ್ಕಿಗೆ ನಡೆದಿದ್ದರೆ ಅದು ಯಾರೋ ಕುಳಿತು ತೆಗೆದುಕೊಂಡ ತೀರ್ಮಾನ. ತೀರ್ಮಾನವೆಂಬುದು ಬುದ್ಧಿಯ ಕೆಲಸವೇ.

ಹಳೇಬೀಡಿನ ಚಕ್ರವ್ಯೂಹದ ಶಿಲ್ಪವನ್ನು ನೋಡಿದವರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ಯುದ್ಧದ ಉಳಿದ ದೃಶ್ಯಗಳಲ್ಲಿ ರಥ, ಕುದುರೆ, ಬಿಲ್ಲಾಳುಗಳೆಲ್ಲ ಪಕ್ಕದಿಂದ ಕಂಡಂತೆ ಇದ್ದಾರೆ. ಅಭಿಮನ್ಯುವಿನ ಪ್ರಸಂಗಕ್ಕೆ ಬಂದಾಗ ಶಿಲ್ಪಿ ವ್ಯೂಹವನ್ನು ಮೇಲಿನಿಂದ ಕಂಡ ನಕ್ಷೆಯಂತೆ, ಸುತ್ತಿನೊಳಗೆ ಸುತ್ತಾಗಿ ಬಿಡಿಸಿದ್ದಾನೆ. ಪಕ್ಕದಿಂದ ನೋಡಿದರೆ ವ್ಯೂಹ ಬರಿಯ ಸೈನಿಕರ ಗೋಡೆ. ಒಳಹೋಗುವ ದಾರಿ ಇದೆ, ಹೊರಬರುವುದು ಗೊತ್ತಿಲ್ಲ ಎಂಬ ಕಥೆಯ ಜೀವಾಳ ತೋರಬೇಕಾದರೆ ನಕ್ಷೆಯೇ ಬೇಕು. ಒಂದೇ ಸಾಲಿನಲ್ಲಿ ಎರಡು ಬಗೆಯ ನೋಟಗಳನ್ನು ಹೊಂದಿಸಿದವನು ಭಾವಪರವಶನಾಗಿ ಉಳಿ ಹಿಡಿದವನಲ್ಲ. ಇನ್ನೂ ವಿಶೇಷವೆಂದರೆ ಗ್ರೀಕರ ಕ್ರೀಟ್ ದ್ವೀಪದ ಹಳೆಯ ನಾಣ್ಯಗಳ ಮೇಲೆ ಇರುವ ಜಟಿಲ ಸುತ್ತುದಾರಿಯ ಚಿತ್ರಕ್ಕೂ ಈ ಶಿಲ್ಪಕ್ಕೂ ಹತ್ತಿರದ ಹೋಲಿಕೆಯಿದೆ. ಎರಡು ಧ್ರುವಗಳೆಂದು ಫರ್ಗುಸನ್ ಕರೆದ ನಾಡುಗಳು ಒಂದೇ ಒಗಟನ್ನು ಬಿಡಿಸಲು ಕುಳಿತಂತಿದೆ.

ಕಲ್ಲಿನ ಮಾತಿಗೆ ಬಂದರೆ, ಕೆನ್ಯಾದ ಕನ್ನಡಿಗರಿಗೆ ಊರಿನವರಿಗಿಲ್ಲದ ಒಂದು ಅನುಕೂಲವಿದೆ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತ ಹೋಗುವ ಕಲ್ಲು. ನಮ್ಮ ಮನೆಗಳ ಷೋಕೇಸಿನಲ್ಲಿ ಕುಳಿತಿರುವ ಕಿಸಿಯ ಕಲ್ಲಿನ ಆನೆ, ನೀರುಕುದುರೆ, ಚದುರಂಗದ ಕಾಯಿಗಳೂ ಸೋಪ್‌ಸ್ಟೋನಿನವೇ. ಖನಿಜ ಒಂದೇ ಅಲ್ಲ. ಉಳಿಗೆ ಒಗ್ಗುವ ಗುಣ ಮಾತ್ರ ಒಂದೇ. ಕಿಸಿ ಸೀಮೆಯ ತಬಾಕಾದಲ್ಲಿ ಕಲ್ಲನ್ನು ಅಗೆದು, ಮಚ್ಚಿನಿಂದ ಕಡಿದು ಆಕಾರಕ್ಕೆ ತಂದು, ಚಾಕುವಿನಿಂದ ಕೊರೆದು, ನೀರಿನಲ್ಲಿ ನೆನೆಸಿ ಮರಳುಕಾಗದದಿಂದ ಉಜ್ಜಿ, ಮೇಣ ಬಳಿಯುತ್ತಾರೆ. ಆ ಕೆಲಸವನ್ನು ಹತ್ತು ನಿಮಿಷ ನೋಡಿದವರು ಒಂದು ವಿಷಯ ಕಲಿಯುತ್ತಾರೆ. ಮೆತ್ತನೆಯ ಕಲ್ಲು ಕೆಲಸವನ್ನು ಸುಲಭ ಮಾಡುತ್ತದೆ, ಯೋಚನೆಯನ್ನು ಸುಲಭ ಮಾಡುವುದಿಲ್ಲ. ಎಲ್ಲಿ ಬೇಕಾದರೂ ಕೊರೆಯಬಹುದಾದ ಕಲ್ಲಿನಲ್ಲಿ ಎಲ್ಲಿ ನಿಲ್ಲಿಸಬೇಕೆಂಬುದೇ ಕಷ್ಟ. ಬೆಣ್ಣೆಯಲ್ಲಿ ಕೆತ್ತಿದಂತೆ ಎಂಬ ಹೊಗಳಿಕೆ ಈ ಕಷ್ಟವನ್ನೇ ಮರೆಸಿಬಿಡುತ್ತದೆ.

ಅಮೃತಶಿಲೆ ಮತ್ತು ಬಳಪದ ಕಲ್ಲಿನ ಈ ಭೇದದಿಂದಲೇ ಎರಡು ಗೋಡೆಗಳ ಗುಣ ಅರ್ಧ ತಿಳಿಯುತ್ತದೆ. ಅಥೆನ್ಸಿನವನು ತಿಳಿಬಣ್ಣದ ಕಲ್ಲಿನ ಮೇಲೆ ಆಳವಿಲ್ಲದೆ ಕೆತ್ತಿ, ಬಣ್ಣ ಬಳಿದು, ರೂಪವನ್ನು ಎದ್ದು ಕಾಣಿಸಿದ. ಹಳೇಬೀಡಿನವನು ಕಪ್ಪು ಛಾಯೆಯ ಕಲ್ಲನ್ನು ಆಳವಾಗಿ ಕೊರೆದು, ಆಕೃತಿಗಳ ಹಿಂದೆ ನೆರಳು ತುಂಬಿ, ಆ ನೆರಳಿನ ಮೇಲೆ ರೂಪವನ್ನು ಎತ್ತಿದ. ಒಬ್ಬನದು ಬುದ್ಧಿ, ಇನ್ನೊಬ್ಬನದು ಭಾವನೆ ಎನ್ನುವುದಕ್ಕಿಂತ ಇಬ್ಬರೂ ತಮ್ಮ ತಮ್ಮ ಕಲ್ಲಿಗೆ ತಕ್ಕ ಬುದ್ಧಿ ಓಡಿಸಿದರು ಎನ್ನುವುದು ನ್ಯಾಯ.

ಕೆತ್ತಿದವರ ಹೆಸರಿನ ವಿಷಯ ಬೇರೆ. ಪಾರ್ಥೆನಾನಿನಲ್ಲಿ ಫಿಡಿಯಾಸನ ಹೆಸರು ಉಳಿಯಿತು. ಪಟ್ಟಿಕೆ ಕೆತ್ತಿದ ಕೈಗಳು ಅದರ ಮೇಲೆ ಸಹಿ ಹಾಕಲಿಲ್ಲ. ಪಕ್ಕದ ಎರೆಕ್ಥಿಯಾನ್ ಗುಡಿಯ ಲೆಕ್ಕದ ಶಾಸನಗಳಲ್ಲಿ ಮಾತ್ರ ಯಾವ ಆಕೃತಿಯನ್ನು ಯಾರು ಕೆತ್ತಿದರು, ಎಷ್ಟು ಕೊಡಲಾಯಿತು ಎಂದು ಬರೆದಿದೆ. ಒಂದು ಆಕೃತಿಗೆ ಸುಮಾರು 60 ದ್ರಾಖ್ಮ. ನಮ್ಮಲ್ಲಿ ಶಿಲ್ಪಿಗಳೇ ಕಲ್ಲಿನ ಮೇಲೆ ಹೆಸರು ಕೊರೆದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಮೃತಾಪುರದಲ್ಲಿ ಕೆಲಸ ಆರಂಭಿಸಿ ಸೋಮನಾಥಪುರದವರೆಗೆ ಬೆಳೆದ ಮಲ್ಲಿತಮ್ಮ. 1246ರ ನುಗ್ಗೇಹಳ್ಳಿಯಲ್ಲಿ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ, 1919ರಲ್ಲಿ ಬೇಲೂರಿನ ಮೇಲೆ ಬರೆದ ಪುಸ್ತಕಗಳ ಕಾಲದಿಂದ ಈ ಹೆಸರುಗಳು ವಿದ್ವಾಂಸರಿಗೆ ಗೊತ್ತು. ಹೆಸರು ಹಾಕಿದವನು ತನ್ನ ಕೆಲಸದ ಹೊಣೆ ಹೊತ್ತವನು. ನಮ್ಮ ಭಾಷಣಗಳಲ್ಲಿ ಅವನು ಇಂದಿಗೂ ಅನಾಮಧೇಯ ಅಮರಶಿಲ್ಪಿಯಾಗಿಯೇ ಉಳಿದಿರುವುದು ವಿಚಿತ್ರ.

ಇಷ್ಟು ಹೇಳಿದ ಮೇಲೆ ಹಳೇಬೀಡಿನ ಕೊರತೆಗಳನ್ನೂ ಹೇಳದೆ ಹೋದರೆ ಇದು ವಿಮರ್ಶೆಯಾಗುವುದಿಲ್ಲ, ಮಂಗಳಾರತಿಯಾಗುತ್ತದೆ.

ಆನೆಗಳನ್ನು ನೋಡಿ. ಸೊಂಡಿಲು ಸುತ್ತಿದ ಬಗೆ, ಮುಂಗಾಲು ಎತ್ತಿದ ರೀತಿ, ಮಾವುತನ ಕಡೆ ತಿರುಗಿದ ಕಿವಿ. ಆನೆಯನ್ನು ದಿನವೂ ಕಂಡವರ ಕೆಲಸ ಅದು. ಅಂಬೋಸೆಲಿಯಲ್ಲಿ ದೊಡ್ಡ ಕಿವಿಯ ಆಫ್ರಿಕದ ಆನೆಯನ್ನು ಕಂಡ ನಮ್ಮ ಮಕ್ಕಳು ಇದು ಬೇರೆ ಜಾತಿಯ ಆನೆ ಎಂದು ಥಟ್ಟನೆ ಗುರುತಿಸುತ್ತಾರೆ. ಗುರುತಿಸುವಷ್ಟು ನಿಖರವಾಗಿದೆ ಕೆತ್ತನೆ. ಒಂದು ಸಾಲು ಮೇಲೆ ಕಣ್ಣು ಹಾಯಿಸಿದರೆ ಸಿಂಹ. ನೈರೋಬಿ ನ್ಯಾಷನಲ್ ಪಾರ್ಕಿನಲ್ಲಿ ಹುಲ್ಲಿನ ಮೇಲೆ ಮಲಗಿದ ನಿಜವಾದ ಸಿಂಹವನ್ನು ನೋಡಿದ ಮಗು ಇದನ್ನು ಸಿಂಹವೆಂದು ಒಪ್ಪುವುದು ಕಷ್ಟ. ಗುಂಗುರು ಕೇಸರ, ಉಬ್ಬಿದ ಕಣ್ಣು, ಗೊಂಬೆಯ ಬಾಯಿ. ಹೊಯ್ಸಳರ ಲಾಂಛನವೇ ಸಳ ಸಿಂಹವನ್ನು ಕೊಲ್ಲುವುದು; ಆದರೂ ಅವರ ಶಿಲ್ಪಿಗಳ ಸಿಂಹ ಕಣ್ಣಿಂದ ಬಂದದ್ದಲ್ಲ, ಪರಂಪರೆಯಿಂದ ಬಂದದ್ದು. ಕಂಡದ್ದನ್ನು ಕೆತ್ತಿದ ಸಾಲಿನ ಮೇಲೆಯೇ ಕೇಳಿದ್ದನ್ನು ಕೆತ್ತಿದ ಸಾಲು ಕುಳಿತಿದೆ. ಅವುಗಳ ಶಕ್ತಿ ಸಮನಲ್ಲ.

ಕುದುರೆಗಳ ಹೋಲಿಕೆಯಲ್ಲಿ ಅಥೆನ್ಸೇ ಮುಂದು ಎಂದು ನಮಗೆ ತೋರುತ್ತದೆ. ಆರು ಸೆಂಟಿಮೀಟರಿನೊಳಗೆ ಸವಾರರ ಗುಂಪನ್ನು ಒಬ್ಬರ ಹಿಂದೆ ಒಬ್ಬರಂತೆ ಅಲೆಅಲೆಯಾಗಿ ಚಲಿಸುವಂತೆ ಮಾಡಿದ ಕೌಶಲಕ್ಕೆ ಹಳೇಬೀಡಿನ ಸವಾರರ ಸಾಲು ಸಾಟಿಯಲ್ಲ. ಅಲ್ಲಿಯ ಕುದುರೆಗಳು ಸಾಲಾಗಿ ಬರುತ್ತವೆ, ಗುಂಪಾಗಿ ನುಗ್ಗುವುದಿಲ್ಲ. ಇನ್ನು ಅಲಂಕಾರದ ಅತಿ ಎಂಬ ಹಳೆಯ ಆಕ್ಷೇಪಣೆಯಲ್ಲೂ ಸತ್ಯವಿದೆ. ದೊಡ್ಡ ವಿಗ್ರಹಗಳ ಕೆಲವು ಕಡೆ ಕಿರೀಟ, ಹಾರ, ಕಾಲಿನ ಗೆಜ್ಜೆಗಳ ನಡುವೆ ದೇಹದ ನಿಲುವೇ ಮುಚ್ಚಿಹೋಗಿ, ಮುಖದಲ್ಲಿ ಏನೂ ಉಳಿದಿಲ್ಲ. ಕೈಲಾಸವನ್ನೆತ್ತುವ ರಾವಣ, ಗಜಾಸುರನ ಚರ್ಮದೊಳಗೆ ಕುಣಿಯುವ ಶಿವ, ಇಂಥ ಕೆಲವೆಡೆ ಅಲಂಕಾರವೂ ಚಲನೆಯೂ ಒಂದಾಗಿವೆ. ಎಲ್ಲ ಕಡೆಯೂ ಅಲ್ಲ. ದೇವಾಲಯ ಪೂರ್ತಿಯಾಗಿಯೂ ಮುಗಿದಂತಿಲ್ಲ. ಮೇಲೆ ಶಿಖರಗಳಿಲ್ಲ, ಅಲ್ಲಲ್ಲಿ ಕೆತ್ತದೆ ಬಿಟ್ಟ ಕಲ್ಲುಗಳಿವೆ. ಈ ಮುಗಿಯದ ಕಲ್ಲುಗಳು ಒಂದು ಲೆಕ್ಕಕ್ಕೆ ವರವೇ. 1999ರಲ್ಲಿ ಉದ್ಘಾಟನೆಯಾದ ನಮ್ಮ ನೈರೋಬಿಯ ಸ್ವಾಮಿನಾರಾಯಣ ಮಂದಿರದ ಹಳದಿ ಕಲ್ಲನ್ನು ಭಾರತದಲ್ಲೇ ಕೆತ್ತಿಸಿ, ಇಲ್ಲಿಗೆ ತಂದು ಜೋಡಿಸಿದರು. ಹಳೇಬೀಡಿನಲ್ಲಿ ಮೊದಲು ಕಲ್ಲನ್ನು ಗೋಡೆಗೆ ಕೂರಿಸಿ ಆಮೇಲೆ ಕೆತ್ತಿದ್ದೂ ಉಂಟೆಂದು ಆ ಬರಿಗಲ್ಲುಗಳು ಹೇಳುತ್ತವೆ. ಅಲ್ಲಿ ಕೈತಪ್ಪಿದರೆ ಕಲ್ಲು ಬದಲಿಸುವ ಹಾಗಿರಲಿಲ್ಲ.

ಕಥೆ ಓದುವ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಮ್ಮಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವ ಮಹಾಭಾರತ ಕುಮಾರವ್ಯಾಸನದು, ಗಮಕದ್ದು, ಯಕ್ಷಗಾನದ್ದು, ಈಚೆಗೆ ಟಿ.ವಿ.ಯದ್ದು. ಕುಮಾರವ್ಯಾಸ 15ನೆಯ ಶತಮಾನದವನು. ಹಳೇಬೀಡಿನ ಗೋಡೆ ಅವನಿಗಿಂತ ಹಳೆಯದು. ಪಂಪ, ರನ್ನರ ಕಾವ್ಯಗಳು ಹುಟ್ಟಿ ಆಗಲೇ ನೂರು ವರ್ಷಕ್ಕೂ ಮೇಲಾಗಿತ್ತು. ಆದ್ದರಿಂದ ಗೋಡೆಯ ಮೇಲಿನ ಭೀಮ ನಮಗೆ ಗೊತ್ತಿರುವ ಭೀಮನಂತೆ ನಡೆದುಕೊಳ್ಳದಿದ್ದರೆ ಗೋಡೆ ತಪ್ಪೆನ್ನಬಾರದು. 1997ರಲ್ಲಿ ಕಿರ್ಸ್ತಿ ಇವಾನ್ಸ್ ಎಂಬ ವಿದುಷಿ ಹಳೇಬೀಡು, ಬೇಲೂರು, ಅಮೃತಾಪುರಗಳ ಈ ಕಥಾ ಶಿಲ್ಪಗಳ ಮೇಲೆಯೇ ಇಡೀ ಗ್ರಂಥವನ್ನು ಪ್ರಕಟಿಸಿದರು. ಆ ಸಾಲನ್ನು ಅಲಂಕಾರವೆಂದು ತೇಲಿಸದೆ ಪಠ್ಯವೆಂದು ಓದಿದ ಕೆಲಸ ಅದು. ಕನ್ನಡದ ಮನೆಗಳಿಗೆ ಇಂಥದೊಂದು ಪುಸ್ತಕ ಕನ್ನಡದಲ್ಲೇ, ಮಕ್ಕಳಿಗೂ ತಿಳಿಯುವ ಮಾತಿನಲ್ಲಿ ಬೇಕು.

ಎರಡು ಗೋಡೆಗಳ ಮುಂದಿನ ಬಾಳೂ ಬೇರೆ ಬೇರೆ. 1687ರಲ್ಲಿ ವೆನಿಸ್ಸಿನವರ ಫಿರಂಗಿ ಗುಂಡಿಗೆ ಪಾರ್ಥೆನಾನಿನೊಳಗಿದ್ದ ಮದ್ದಿನ ದಾಸ್ತಾನು ಸಿಡಿದು ಕಟ್ಟಡ ಒಡೆಯಿತು. 1801ರಿಂದ ಲಾರ್ಡ್ ಎಲ್ಗಿನ್ನನ ಆಳುಗಳು ಶಿಲ್ಪಗಳನ್ನು ಇಳಿಸಿ ಸಾಗಿಸಿದರು. 1816ರಲ್ಲಿ ಬ್ರಿಟಿಷ್ ಸರ್ಕಾರ 35,000 ಪೌಂಡಿಗೆ ಕೊಂಡಿತು. ಆ ಪಟ್ಟಿಕೆಯ ಸುಮಾರು ಅರ್ಧ ಲಂಡನ್ನಿನಲ್ಲಿದೆ. ಉಳಿದದ್ದರಲ್ಲಿ ಹೆಚ್ಚಿನದು 2009ರಲ್ಲಿ ತೆರೆದ ಅಥೆನ್ಸಿನ ಹೊಸ ಮ್ಯೂಸಿಯಮ್ಮಿನಲ್ಲಿದೆ. ಇಂಥ ನೋವು ಕೆನ್ಯಾಕ್ಕೂ ಹೊಸತಲ್ಲ. ಕರಾವಳಿಯ ಮಿಜಿಕೆಂಡ ಜನ ಸತ್ತ ಹಿರಿಯರಿಗಾಗಿ ನೆಡುವ ಕೆತ್ತನೆಯ ಮರದ ಕಂಬ, ವಿಗಾಂಗೊ, ಅವರ ಪಾಲಿಗೆ ನಮ್ಮ ವೀರಗಲ್ಲು, ಮಾಸ್ತಿಗಲ್ಲುಗಳಷ್ಟೇ ಪವಿತ್ರ. ಅವು ಕಳುವಾಗಿ ಅಮೆರಿಕದ ಮ್ಯೂಸಿಯಮ್ಮುಗಳ ಕಪಾಟು ಸೇರಿದವು; 2014ರಲ್ಲಿ ಡೆನ್ವರಿನ ಮ್ಯೂಸಿಯಮ್ಮೊಂದು 30 ಕಂಬಗಳನ್ನು ಹಿಂದಿರುಗಿಸಲು ಮುಂದಾಯಿತು. ಹಳೇಬೀಡು 14ನೆಯ ಶತಮಾನದ ದಾಳಿಗಳಲ್ಲಿ ಹಾಳಾಯಿತು, ಊರಿನ ಹೆಸರೇ ಹಾಳು ಬೀಡಿನ ನೆನಪಾಯಿತು. ಆದರೂ ಅದರ ಕಥೆಯ ಸಾಲು ಬಹುಪಾಲು ತಾನು ಹುಟ್ಟಿದ ಗೋಡೆಯ ಮೇಲೆಯೇ ಇದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳ ಜೊತೆಗೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯನ್ನೂ ಸೇರಿತು. ನಡೆದು ಓದಬೇಕಾದ ಗೋಡೆಯನ್ನು ಇಂದಿಗೂ ನಡೆದೇ ಓದಬಹುದು ಎಂಬುದು ಸಣ್ಣ ಭಾಗ್ಯವಲ್ಲ.

ಫರ್ಗುಸನ್ನನ ತೀರ್ಪಿನ ಹಿಂದೆ ಇನ್ನೊಂದು ಸಂಗತಿ ಇದೆ. ಅವನು ಟಿಪ್ಪಣಿ ಬರೆದ, 1866ರ ಧಾರವಾಡ ಮತ್ತು ಮೈಸೂರಿನ ಗ್ರಂಥ ಫೋಟೋಗಳ ಗ್ರಂಥ. ಫೋಟೋದಲ್ಲಿ ಹಳೇಬೀಡು ಒಟ್ಟಿಗೇ ಕಣ್ಣಿಗೆ ಬೀಳುತ್ತದೆ, ಎಂಟು ಸಾಲುಗಳೂ ಏಕಕಾಲಕ್ಕೆ ಕೂಗುತ್ತವೆ. ಆಗ ಅದು ಉಕ್ಕು, ಅತಿ, ಗದ್ದಲ ಎನಿಸುವುದು ಸಹಜ. ನಡೆಯುವವನಿಗೆ ಅದು ಗದ್ದಲವಲ್ಲ, ಸರದಿ. ಈ ಸಂಚಿಕೆಯಲ್ಲಿ ನಾವು ಚಿತ್ರ ಹಾಕದಿರುವುದಕ್ಕೂ ಅದೇ ಕಾರಣ. ನಮ್ಮ ಜೆರಾಕ್ಸ್ ಯಂತ್ರದಲ್ಲಿ ಪಾರ್ಥೆನಾನ್ ಹೇಗೋ ಪಾರ್ಥೆನಾನಿನಂತೆ ಬರುತ್ತದೆ; ಹಳೇಬೀಡು ಮಾತ್ರ ಮಸಿ ಚೆಲ್ಲಿದಂತೆ ಬರುತ್ತದೆ.

ಮಾತು ಕೊನೆಗೆ ಮಾತಿನ ಬಗ್ಗೆಯೇ. ಮಾಸಾಯಿ ಮಾರ್ಕೆಟ್ಟಿನಲ್ಲಿ ಕಿಸಿಯ ಶಿಲ್ಪಿಯ ಕೆಲಸವನ್ನು ‘ಕ್ಯೂರಿಯೊ’ ಎನ್ನುತ್ತಾರೆ. ಅದೇ ಕಿಸಿಯ ಎಲ್ಕಾನಾ ಓಂಗೇಸಾ ಅವರ ಕಲ್ಲಿನ ಹಕ್ಕಿ ಪ್ಯಾರಿಸಿನ ಯುನೆಸ್ಕೊ ಕಚೇರಿಗೆ ಹೋಗಿ ನಿಂತಾಗ ‘ಕಲಾಕೃತಿ’ ಎನ್ನುತ್ತಾರೆ. ಯಾವ ಪದ ಬಳಸುತ್ತೇವೆ ಎಂಬುದರ ಮೇಲೆ ಮಾಡಿದವನಿಗೆ ತಲೆಯಿದೆಯೋ ಬರೀ ಕೈಯಿದೆಯೋ ಎಂಬುದು ನಿರ್ಧಾರವಾಗಿಬಿಡುತ್ತದೆ. ಆಫ್ರಿಕದವರ ಬಗ್ಗೆ, ಭಾರತದವರ ಬಗ್ಗೆ, ಎರಡು ನಾಡಿಗೂ ಬಂದ ದೊರೆಗಳು ಹೇಳಿಹೋದದ್ದು ಒಂದೇ ಮಾತು: ಇವರಿಗೆ ಕೈಚಳಕ ಉಂಟು. ಆ ಮಾತಿಗೆ ನಮ್ಮ ವೇದಿಕೆಗಳಿಂದ ಚಪ್ಪಾಳೆ ಬೇಡ.

ಈ ವರ್ಷ ಊರಿಗೆ ಹೋಗುವವರಲ್ಲಿ ನಮ್ಮದೊಂದು ಬಿನ್ನಹ. ಹಳೇಬೀಡಿಗೆ ಮುಕ್ಕಾಲು ಗಂಟೆಯ ಬದಲು ಒಂದು ಬೆಳಗ್ಗೆ ಕೊಡಿ. ಮೊದಲ ಸುತ್ತಿನಲ್ಲಿ ಆನೆಯ ಸಾಲನ್ನು ಮಾತ್ರ ನೋಡಿ. ಎರಡನೆಯ ಸುತ್ತಿನಲ್ಲಿ ಆರನೆಯ ಸಾಲನ್ನು ಮಾತ್ರ ಓದಿ. ಚಕ್ರವ್ಯೂಹವನ್ನು ಮಕ್ಕಳೇ ಹುಡುಕಲಿ. ಕೆತ್ತದೆ ಬಿಟ್ಟ ಒಂದು ಕಲ್ಲನ್ನಾದರೂ ಕಂಡುಹಿಡಿಯಲಿ. ನಮ್ಮ ತೀರ್ಪು ಸರಿಯಲ್ಲವೆಂದು ಗೋಡೆಯನ್ನು ನೋಡಿ ಬಂದವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗವಿದೆ. ಎರಡು ಪುಟಕ್ಕೆ ಮೀರದಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.